ಅತ್ತ ಹೊಳೆ, ಇತ್ತ ಊರು: ಸ್ಟ್ರಾಟಜಿ ಗೇಮಿನ ಸ್ಟೋರ್ ಪೇಜಿನಲ್ಲಿ ಏನು ಕಾಣಬೇಕು?

ಪ್ರಶ್ನೆ: ನಾವಿಬ್ಬರೇ ಸೇರಿ ಮೂರು ವರ್ಷದಿಂದ ಒಂದು ಟರ್ನ್-ಬೇಸ್ಡ್ ಸ್ಟ್ರಾಟಜಿ ಗೇಮ್ (ಸರದಿಯ ಪ್ರಕಾರ ಲೆಕ್ಕ ಹಾಕಿ ಆಡುವ ಆಟ) ಮಾಡುತ್ತಿದ್ದೇವೆ. ನದಿಯ ಕೆಳಹರಿವಿನಲ್ಲಿ ಹನ್ನೆರಡು ಹಳ್ಳಿಗಳು. ಪ್ರತಿ ಮಳೆಗಾಲ ಪ್ರವಾಹ. ಒಡ್ಡು ಕಟ್ಟಲು ಕಲ್ಲೂ ಸಾಲದು, ಆಳೂ ಸಾಲದು. ಯಾವ ಹಳ್ಳಿ ಉಳಿಸಬೇಕು, ಯಾವುದನ್ನು ನೀರಿಗೆ ಬಿಡಬೇಕು ಎಂದು ಆಟಗಾರ ನಿರ್ಧರಿಸಬೇಕು. ಮುಳುಗಿದ ಹೊಲಕ್ಕೆ ಹೂಳು ಬಂದು ಮರುವರ್ಷ ಫಸಲು ಹೆಚ್ಚುತ್ತದೆ, ಆದರೆ ಮನೆ ಕಳೆದುಕೊಂಡವರು ಊರು ಬಿಟ್ಟು ಹೋಗುತ್ತಾರೆ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮಿನಲ್ಲಿ ಪೇಜ್ ಹಾಕಿ ಐದು ತಿಂಗಳಾಯಿತು. ಆಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ, ವಿಶ್‌ಲಿಸ್ಟ್ (ಮುಂದೆ ಕೊಳ್ಳಲೆಂದು ಗುರುತು ಹಾಕಿಟ್ಟವರ ಸಂಖ್ಯೆ) ಮಾತ್ರ ಮೇಲೇಳುತ್ತಿಲ್ಲ. ಚಿತ್ರ ಕಂಡವರಲ್ಲಿ ಒಳಗೆ ಬರುವವರೇ ಕಡಿಮೆ, ಬಂದವರೂ ಸುಮ್ಮನೆ ಹೊರಟುಹೋಗುತ್ತಾರೆ. ಕಲಾವಿದರಿಂದ ಹೊಸ ಚಿತ್ರ ಬರೆಸಬೇಕೇ, ವಿವರಣೆ ತಿದ್ದಿದರೆ ಸಾಕೇ? ಎಐ ಚಿತ್ರ ಹಾಕಿದರೆ ತಪ್ಪೇ? ಸ್ಟೀಮಿನ ಮುಂದಿನ ನೆಕ್ಸ್ಟ್ ಫೆಸ್ಟ್‌ಗೆ (ಬರಲಿರುವ ಆಟಗಳ ಮಾದರಿ ಆಡಿಸುವ ಹಬ್ಬ) ಡೆಮೊ ಹಾಕಬಹುದೇ?

ಉತ್ತರ: ನಿಮ್ಮ ಪತ್ರ ಓದಿ ಆಮೇಲೆ ಪೇಜ್ ತೆರೆದೆ. ಪತ್ರದಲ್ಲಿದ್ದ ಆಟ ಪೇಜಿನಲ್ಲಿ ಎಲ್ಲೂ ಸಿಗಲಿಲ್ಲ. ಮೇಲೆ ಮುಸುಕು ಹೊದ್ದ ರಾಣಿ, ಅವಳ ಹಿಂದೆ ಮುಳುಗುವ ಸೂರ್ಯ, ಬಳ್ಳಿಯಂತೆ ಹೆಣೆದ ಬಂಗಾರದ ಅಕ್ಷರದಲ್ಲಿ ಐದು ಪದಗಳ ಹೆಸರು. ಪಕ್ಕದಲ್ಲಿ ನದಿದೇವತೆಯ ಸಾವಿರ ವರ್ಷದ ಶಾಪದಿಂದ ಶುರುವಾಗುವ ವಿವರಣೆ. ಮೊದಲ ಸ್ಕ್ರೀನ್‌ಶಾಟ್ ಮೇನ್ ಮೆನುವಿನದು. ಹೂಳು, ಒಡ್ಡು, ಊರು ಬಿಟ್ಟು ಹೋಗುವ ಜನ, ಹೀಗೆ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಯಾವುದೂ ಅಲ್ಲಿಲ್ಲ. ರಾಣಿ ಯಾರು ಎಂದು ಹುಡುಕಿದೆ. ಆರಂಭದ ಕಥೆಯಲ್ಲಿ ಒಮ್ಮೆ ಬಂದು ಹೋಗುತ್ತಾಳಂತೆ.

ಗುರುತು ಪರಿಚಯವಿಲ್ಲದ ನನಗೆ ನಿಮ್ಮ ಆಟವನ್ನು ನಾಲ್ಕೈದು ವಾಕ್ಯದಲ್ಲಿ ಮನಸ್ಸಿಗೆ ನಾಟುವಂತೆ ಹೇಳಿದ್ದೀರಿ. ಅದೇ ಮಾತು ಪೇಜ್ ಮಾಡುವಾಗ ಬಾಯಿಗೆ ಬರಲಿಲ್ಲ. ಇದು ನಿಮ್ಮೊಬ್ಬರ ತೊಂದರೆಯಲ್ಲ. ಪೇಜ್ ಎಂದ ಕೂಡಲೇ ಎಲ್ಲರಿಗೂ ಪೋಸ್ಟರ್ ನೆನಪಾಗುತ್ತದೆ. ಪೋಸ್ಟರ್ ಎಂದರೆ ಒಂದು ಮುಖ, ಒಂದು ಆಯುಧ, ಒಂದಿಷ್ಟು ಬೆಂಕಿ ಎಂದಾಗಿಬಿಡುತ್ತದೆ.

ಸ್ಟ್ರಾಟಜಿ ಗೇಮ್ ಹುಡುಕಿಕೊಂಡು ಬರುವವರಿಗೆ ಬೇಕಿರುವುದು ಇಕ್ಕಟ್ಟು. ಅತ್ತ ದರಿ, ಇತ್ತ ಪುಲಿ ಎನ್ನುವಂಥ ಸ್ಥಿತಿಯಲ್ಲಿ ನಿಂತು ಲೆಕ್ಕ ಹಾಕುವ ಸುಖಕ್ಕೆ ಅವರು ದುಡ್ಡು ಕೊಡುತ್ತಾರೆ. ಆದ್ದರಿಂದ ಪೇಜಿನ ಒಂದೊಂದು ಪದರವೂ, ಅಂಗುಲದಷ್ಟು ಚಿತ್ರದಿಂದ ಹಿಡಿದು ಕೊನೆಯ ಸ್ಕ್ರೀನ್‌ಶಾಟ್‌ವರೆಗೆ, ನಿಮ್ಮ ಆಟದ ಇಕ್ಕಟ್ಟನ್ನೇ ಬೇರೆ ಬೇರೆ ಗಾತ್ರದಲ್ಲಿ ತೋರಿಸಬೇಕು. ಮುಂದೆ ಹೇಳುವುದೆಲ್ಲ ಇದರ ವಿಸ್ತರಣೆ.

ತಪ್ಪು ಚಿತ್ರದಿಂದ ಬರೀ ಜನ ಬಾರದಿದ್ದರೆ ಅಷ್ಟು ನಷ್ಟವಿಲ್ಲ. ತಪ್ಪು ಜನ ಬಂದರೆ ನಷ್ಟ ಹೆಚ್ಚು. ನನ್ನ ಎರಡನೆಯ ಗೇಮಿಗೆ ಮಂಜು ಮುಸುಕಿದ ಕಾಡಿನ ಬಲು ಸೊಗಸಾದ ಚಿತ್ರ ಬರೆಸಿದ್ದೆ. ಆಟವೋ ಸರಕು ಸಾಗಣೆಯ ಮಾರ್ಗ ಹಾಕುವ ಲೆಕ್ಕಾಚಾರದ್ದು. ಕ್ಲಿಕ್ ಬಂತು, ವಿಶ್‌ಲಿಸ್ಟ್ ಕೂಡ ಬಂತು, ನಾನು ಹಿಗ್ಗಿದೆ. ಬಿಡುಗಡೆಯ ವಾರ ಒಬ್ಬರ ಹಿಂದೆ ಒಬ್ಬರು ಹಣ ವಾಪಸ್ ಪಡೆದರು. ಅವರಿಗೆ ಬೇಕಿದ್ದದ್ದು ಭಯದ ಕಥೆ, ಸಿಕ್ಕಿದ್ದು ಗಾಡಿಗಳ ವೇಳಾಪಟ್ಟಿ. ಸ್ಟೀಮಿನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ನಿಧಾನವಾಗಿ ಬಿಚ್ಚಿಕೊಳ್ಳುವ ಸ್ಟ್ರಾಟಜಿ ಆಟಕ್ಕೆ ಆ 2 ಗಂಟೆ ಎಂದರೆ ಇನ್ನೂ ಪೀಠಿಕೆ. ಪೀಠಿಕೆಯನ್ನು ಸಹಿಸಿಕೊಳ್ಳುವವರನ್ನೇ ಪೇಜ್ ಕರೆತರಬೇಕು.

ಈಗ ಆಟದ ಗುರುತಾಗಿ ಅಂಗಡಿಯಲ್ಲೆಲ್ಲ ಕಾಣುವ ಚಿತ್ರಕ್ಕೆ ಬರೋಣ. ಸ್ಟೀಮಿನವರು ಇದನ್ನು ಕ್ಯಾಪ್ಸೂಲ್ ಎನ್ನುತ್ತಾರೆ. ಒಂದೇ ಚಿತ್ರವನ್ನು ಹಲವು ಆಕಾರದಲ್ಲಿ ಕೊಡಬೇಕು, ಅಳತೆಯೆಲ್ಲ ಪಿಕ್ಸೆಲ್‌ನಲ್ಲಿ: ಹೆಡರ್ 920×430, ಮುಖ್ಯ ಕ್ಯಾಪ್ಸೂಲ್ 1232×706, ನಿಂತ ಆಕಾರದ್ದು 748×896, ಲೈಬ್ರರಿಗೆ 600×900, ಸಣ್ಣದು 462×174. ಈ ಸಣ್ಣದರ ಮೇಲೆ ನಿಮ್ಮ ಗಮನವಿರಲಿ. ಹುಡುಕಾಟದ ಫಲಿತಾಂಶ, ಹೊಸ ಗೇಮುಗಳ ಪಟ್ಟಿ ಎಲ್ಲ ಕಡೆ ಜನ ನೋಡುವುದು ಇದನ್ನೇ, ಅದೂ ಕೆಲವೆಡೆ 120×45 ಪಿಕ್ಸೆಲ್‌ಗೆ ಕುಗ್ಗಿದ ರೂಪದಲ್ಲಿ. ನಿಮ್ಮ ರಾಣಿಯನ್ನು ಆ ಅಳತೆಗೆ ಇಳಿಸಿ ನೋಡಿದೆ. ಮುಖ ಒಂದು ಕಂದು ಚುಕ್ಕೆ, ಹೆಸರು ಗೀಚಿದ ಗೆರೆ.

ಹಾಗಾಗಿ ಸಣ್ಣ ಕ್ಯಾಪ್ಸೂಲಿನಲ್ಲಿ ಹೆಸರೇ ಯಜಮಾನ. ಅಕ್ಷರಗಳು ಚೌಕಟ್ಟಿನ ಬಹುಪಾಲು ತುಂಬಲಿ, ಹಿಂದೆ ಬಣ್ಣ ಮತ್ತು ಒಂದು ಆಕಾರ ಉಳಿದರೆ ಸಾಕು. ದೊಡ್ಡ ಚಿತ್ರವನ್ನು ಹಾಗೇ ಕುಗ್ಗಿಸಿ ಹಾಕುವುದು ಹೆಚ್ಚಿನವರು ಮಾಡುವ ತಪ್ಪು. ಒಂದೊಂದು ಆಕಾರಕ್ಕೂ ಬೇರೆಯಾಗಿ ಜೋಡಿಸಬೇಕು. ಐದು ಪದದ ಹೆಸರು ಎರಡು ಸಾಲಾದರೆ ಅಕ್ಷರ ಅರ್ಧಕ್ಕೆ ಇಳಿಯುತ್ತದೆ. ಹೆಸರು ಬದಲಿಸಲು ಮನಸ್ಸಿಲ್ಲದಿದ್ದರೆ ಅದರಲ್ಲಿ ಮುಖ್ಯವಾದ ಒಂದು ಪದ ದೊಡ್ಡದಾಗಿ, ಉಳಿದವು ಸಣ್ಣದಾಗಿ ಇರಲಿ. ಬಳ್ಳಿಯ ಅಕ್ಷರವನ್ನು ಕೈಬಿಡಿ. ದಪ್ಪ, ಸ್ಪಷ್ಟ, ಒಂದೆರಡು ಕಡೆ ಮಾತ್ರ ಸ್ವಂತ ತಿರುವು ಇರುವ ಅಕ್ಷರ ಸಾಕು.

ದೊಡ್ಡ ಆಕಾರಗಳಲ್ಲಿ ಚಿತ್ರಕ್ಕೆ ಮಾತನಾಡಲು ಜಾಗವಿದೆ. ಇಲ್ಲಿ ಸ್ಟ್ರಾಟಜಿ ಗೇಮಿನವರಿಗೆ ಉಳಿದವರಿಗಿಲ್ಲದ ಒಂದು ತೊಡಕು. ನಮ್ಮ ಆಟಗಳ ನಾಯಕ ಮ್ಯಾಪ್, ಮ್ಯಾಪಿಗೆ ಮುಖವಿಲ್ಲ. ಮುಖ ಬೇಕೆಂದು ಆಡುವಾಗ ಕಾಣದ ರಾಣಿಯನ್ನು ತಂದರೆ ನೋಡುವವನು ಇದನ್ನು ಆರ್‌ಪಿಜಿ (ಒಂದು ಪಾತ್ರವಾಗಿ ಆಡುವ ಆಟ) ಎಂದುಕೊಳ್ಳುತ್ತಾನೆ. ಮ್ಯಾಪನ್ನೇ ಇಟ್ಟರೆ ಹಸಿರು ನೀಲಿ ಚುಕ್ಕೆಗಳ ಬಟ್ಟೆಯಂತೆ ಕಾಣುತ್ತದೆ. ನಾನು ಕಂಡುಕೊಂಡ ದಾರಿ ಇದು: ಸಂಖ್ಯೆಯಲ್ಲೋ ಗಾತ್ರದಲ್ಲೋ ಹೊಂದಾಣಿಕೆಯಿಲ್ಲದ ಎರಡು ಸಂಗತಿಗಳನ್ನು ಎದುರುಬದುರು ನಿಲ್ಲಿಸುವುದು. ‘ದೇ ಆರ್ ಬಿಲಿಯನ್ಸ್’ ಆಟದ ಯಾವುದೇ ದೃಶ್ಯ ನೋಡಿ. ಒಂದು ಗೋಡೆ, ಗೋಡೆಯಾಚೆ ಎಣಿಸಲಾಗದ ಸತ್ತವರ ಹಿಂಡು. ಆಟವೇನೆಂದು ಯಾರೂ ವಿವರಿಸಬೇಕಿಲ್ಲ. ‘ಬ್ಯಾಡ್ ನಾರ್ತ್’ನಲ್ಲಿ ಅಂಗೈಯಗಲದ ದ್ವೀಪ, ಮಂಜಿನಿಂದ ಹೊರಬರುವ ದೋಣಿಗಳು. ‘ಮಿನಿ ಮೆಟ್ರೊ’ ಇನ್ನೊಂದು ದಾರಿ ಹಿಡಿಯಿತು. ರೈಲು ಮಾರ್ಗದ ನಕಾಶೆಯ ಭಾಷೆ ಜನಕ್ಕೆ ಮೊದಲೇ ಗೊತ್ತಿತ್ತು, ಇಡೀ ಆಟವನ್ನು ಅದೇ ಭಾಷೆಯಲ್ಲಿ ಬರೆದರು. ಪರಿಚಿತ ನಕಾಶೆಯೇ ಅಲ್ಲಿ ಮುಖವಾಯಿತು.

ನಿಮ್ಮ ಆಟಕ್ಕೆ ನನ್ನ ಕಣ್ಣಿಗೆ ಕಟ್ಟುವ ಚಿತ್ರ ಹೀಗಿದೆ. ಚೌಕಟ್ಟನ್ನು ಓರೆಯಾಗಿ ಸೀಳುವ ಒಂದು ಕಲ್ಲಿನ ಒಡ್ಡು. ಎಡಕ್ಕೆ ಮನೆಯ ಮಾಡಿನ ಎತ್ತರಕ್ಕೆ ನಿಂತ ಕೆಸರು ನೀರು, ಅದರಲ್ಲಿ ತೇಲುವ ಒಂದು ಬಾಗಿಲು. ಬಲಕ್ಕೆ ದೀಪ ಹಚ್ಚಿದ ಊರು. ಒಡ್ಡಿನ ಮೇಲೆ ಗುದ್ದಲಿ ಹಿಡಿದ ಒಬ್ಬನೇ ಒಬ್ಬ ಮನುಷ್ಯ, ಬೆನ್ನು ನಮ್ಮ ಕಡೆಗೆ. ಅವನು ಒಡ್ಡನ್ನು ಕಾಯಲು ಬಂದನೋ ಕಡಿಯಲು ಬಂದನೋ ಗೊತ್ತಾಗದಿದ್ದರೆ ಇನ್ನೂ ಚಂದ. ನೋಡುವ ಕೋನ ಆಟದ ಕ್ಯಾಮೆರಾದಂತೆ ತುಸು ಮೇಲಿನಿಂದ ಇರಲಿ, ಇದು ಮೇಲಿನಿಂದ ಆಡುವ ಆಟ ಎಂಬ ಸೂಚನೆ ಆಗಲೇ ಸಿಕ್ಕಿಬಿಡುತ್ತದೆ. ಬಣ್ಣ ಎರಡೇ: ಕೆಸರಿನ ಕಂದು, ದೀಪದ ಹಳದಿ. ಚಿತ್ರವನ್ನು ಕಪ್ಪು–ಬಿಳುಪಿಗೆ ಇಳಿಸಿದಾಗಲೂ ಆ ಓರೆಗೆರೆ ಎದ್ದು ಕಾಣಬೇಕು. ಕಾಣದಿದ್ದರೆ ಬೆಳಕು–ನೆರಳು ಸರಿಯಿಲ್ಲ ಎಂದರ್ಥ, ಬಣ್ಣ ಬದಲಿಸಿ ಪ್ರಯೋಜನವಿಲ್ಲ.

ಕಲಾವಿದರು ಬೇಕೇ ಎಂದಿರಿ. ಬೇಕು. ಇಡೀ ಯೋಜನೆಯಲ್ಲಿ ಹೊರಗಿನವರಿಗೆ ಹಣ ಕೊಟ್ಟು ಮಾಡಿಸುವ ಕೆಲಸ ಒಂದೇ ಇರಬಹುದು ಎಂದಾದರೆ ಅದು ಕ್ಯಾಪ್ಸೂಲ್ ಆಗಲಿ. ಆದರೆ ‘ಎಪಿಕ್ ಆಗಿ ಬರೆಯಿರಿ’ ಎಂದು ಕೆಲಸ ಒಪ್ಪಿಸಿದರೆ ರಾಣಿಯ ತಂಗಿ ಬರುತ್ತಾಳೆ. ಕಲಾವಿದರಿಗೆ ಇಷ್ಟು ಕೊಡಿ: ಆಟದ ಇಕ್ಕಟ್ಟನ್ನು ಹೇಳುವ ಒಂದು ವಾಕ್ಯ, ನಿಜವಾದ ಮೂರು ಸ್ಕ್ರೀನ್‌ಶಾಟ್, ನಿಮ್ಮ ಆಟದ ಅಕ್ಕಪಕ್ಕ ಕೂರಲಿರುವ ಹತ್ತು ಆಟಗಳ ಕ್ಯಾಪ್ಸೂಲ್, ಮತ್ತು ಬೇಕಾದ ಎಲ್ಲ ಅಳತೆಗಳು. ಹೆಸರಿನ ಲೋಗೋ, ಮನುಷ್ಯ, ಹಿನ್ನೆಲೆ ಬೇರೆ ಬೇರೆ ಲೇಯರ್‌ನಲ್ಲಿ ಬರಲಿ ಎಂದು ಮೊದಲೇ ಹೇಳಿ. ಲೈಬ್ರರಿ ಪುಟದ ಅಗಲ ಚಿತ್ರ 3840×1240 ಇರಬೇಕು, ಅದರಲ್ಲಿ ಅಕ್ಷರ ಇರಕೂಡದು, ಲೋಗೋ ಪ್ರತ್ಯೇಕ ಕಡತವಾಗಿ ಹೋಗುತ್ತದೆ. ಲೇಯರ್ ಇಲ್ಲದ ಚಿತ್ರ ಕೈಗೆ ಬಂದ ಮೇಲೆ ಇದನ್ನೆಲ್ಲ ಕೇಳಿದರೆ ಎರಡನೆಯ ಬಿಲ್ಲು ಬರುತ್ತದೆ, ಅದು ನ್ಯಾಯವೂ ಹೌದು. ಬಣ್ಣ ಹಚ್ಚುವ ಮೊದಲು ನಾಲ್ಕೈದು ಒರಟು ರೇಖಾಚಿತ್ರ ಕೇಳಿ, ಅವುಗಳನ್ನೇ 120×45ಕ್ಕೆ ಇಳಿಸಿ ಆರಿಸಿ.

ಚಿತ್ರದ ಮೇಲೆ ಬಹುಮಾನದ ಮುದ್ರೆ, ವಿಮರ್ಶೆಯ ಅಂಕ, ‘ಹೊಸ ಅಪ್‌ಡೇಟ್’ ಎಂಬ ಪಟ್ಟಿ ಹಾಕುವ ಯೋಚನೆ ಬಂದರೆ ಬಿಡಿ. 2022ರ ಸೆಪ್ಟೆಂಬರ್ 1ರಿಂದ ಸ್ಟೀಮ್ ಕ್ಯಾಪ್ಸೂಲಿನಲ್ಲಿ ಆಟದ ಹೆಸರು ಮತ್ತು ಅಧಿಕೃತ ಉಪಶೀರ್ಷಿಕೆ ಬಿಟ್ಟು ಬೇರೆ ಬರಹಕ್ಕೆ ಜಾಗವಿಲ್ಲ. ದೊಡ್ಡ ಅಪ್‌ಡೇಟ್ ಬಂದಾಗ ತಾತ್ಕಾಲಿಕವಾಗಿ ಬೇರೆ ಚಿತ್ರ ಹಾಕಲು ಪ್ರತ್ಯೇಕ ವ್ಯವಸ್ಥೆ ಇದೆ.

ಎಐ ಚಿತ್ರ ಹಾಕಲು ನಿಯಮದ ಅಡ್ಡಿಯಿಲ್ಲ. ಆದರೆ 2024ರ ಜನವರಿಯಿಂದ ಅದನ್ನು ಸ್ಟೀಮಿಗೆ ತಿಳಿಸಬೇಕು, ನೀವು ಬರೆದ ಆ ಹೇಳಿಕೆ ಪೇಜಿನಲ್ಲೂ ಕಾಣುತ್ತದೆ. ಅದನ್ನು ಕಂಡ ತಕ್ಷಣ ಎದ್ದು ಹೋಗುವ ಆಟಗಾರರು ಇಂಡಿ (ಸಣ್ಣ ಸ್ವತಂತ್ರ ತಂಡಗಳ ಆಟಗಳ) ವಲಯದಲ್ಲಿ ಕಡಿಮೆಯೇನಿಲ್ಲ. ನನ್ನ ತಕರಾರು ಬೇರೆ. ಮೂರು ವರ್ಷ ಕೂತು ಹೂಳಿನ ಲೆಕ್ಕ ಬರೆದವರ ಆಟಕ್ಕೆ ಯಾರದೋ ನೂರು ಪೋಸ್ಟರ್‌ಗಳ ಸರಾಸರಿಯಂತಿರುವ ಚಿತ್ರ ಅಂಟಿಸಿದರೆ ಒಳಗೂ ಸರಾಸರಿಯೇ ಇರಬಹುದು ಎಂದು ಜನ ಅಂದುಕೊಳ್ಳುತ್ತಾರೆ. ಹಣವಿಲ್ಲದಿದ್ದರೆ ಆಟದೊಳಗಿನ ಮಾದರಿಗಳನ್ನೇ ಹತ್ತಿರದಿಂದ, ಒಳ್ಳೆಯ ಬೆಳಕಿನಲ್ಲಿ ಹಿಡಿದು ಅದರ ಮೇಲೆ ಅಚ್ಚುಕಟ್ಟಾದ ಲೋಗೋ ಹಾಕಿ. ತಾತ್ಕಾಲಿಕಕ್ಕೆ ಅದು ಎಷ್ಟೋ ವಾಸಿ.

ಇನ್ನು ಮಾತು. ಸ್ಟೀಮಿನ ಕಿರು ವಿವರಣೆಗೆ ಸುಮಾರು 300 ಅಕ್ಷರಗಳ ಮಿತಿ. ಟ್ರೇಲರಿನ ಪಕ್ಕದಲ್ಲೇ ಕೂರುವ ಈ ತುಂಡನ್ನು ಓದುವಷ್ಟು ಜನ ಕೆಳಗಿನ ಉದ್ದ ವಿವರಣೆಯನ್ನು ಓದುವುದಿಲ್ಲ. ನಿಮ್ಮದು ಈಗ ಹೀಗಿದೆ: ‘ಸಾವಿರ ವರ್ಷಗಳ ಹಿಂದೆ ನದಿದೇವತೆ ಶಪಿಸಿದ ನಾಡಿನಲ್ಲಿ ವಿಧಿಯ ವಿರುದ್ಧ ಹೋರಾಡಿ. ಆಳವಾದ ತಂತ್ರಗಾರಿಕೆ, ಅಪಾರ ಸಾಧ್ಯತೆ, ಮರೆಯಲಾಗದ ಅನುಭವ ನಿಮಗಾಗಿ ಕಾದಿದೆ!’

ಇದಕ್ಕೊಂದು ಸರಳ ಪರೀಕ್ಷೆ ಇದೆ. ವಾಕ್ಯವನ್ನು ಕತ್ತರಿಸಿ ಇನ್ನೊಂದು ಆಟದ ಪೇಜಿಗೆ ಅಂಟಿಸಿ. ಅಲ್ಲೂ ಸಲೀಸಾಗಿ ಕೂತರೆ ಅದು ನಿಮ್ಮದಲ್ಲ, ಹೊಡೆದುಹಾಕಿ. ಎರಡನೆಯ ವಾಕ್ಯ ಯಾವ ಆಟಕ್ಕೂ ಕೂರುತ್ತದೆ. ಮೊದಲನೆಯದು ಕನಿಷ್ಠ ನೂರು ಆಟಕ್ಕೆ. ಆಳ ಇದೆ ಎಂದು ನಾವೇ ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ. ನದಿ ಆಳ ಇದೆಯೋ ಇಲ್ಲವೋ ಎಂಬುದನ್ನು ಇಳಿದವರು ಹೇಳುತ್ತಾರೆ.

ಶಾಪ, ದೇವತೆ ಎಲ್ಲ ತೆಗೆದು ಮೊದಲ ಸಲ ತಿದ್ದುವಾಗ ಸಾಮಾನ್ಯವಾಗಿ ಹೀಗಾಗುತ್ತದೆ: ‘ಪ್ರವಾಹದ ವಿರುದ್ಧ ಒಡ್ಡು ಕಟ್ಟುವ ಟರ್ನ್-ಬೇಸ್ಡ್ ಸ್ಟ್ರಾಟಜಿ ಗೇಮ್. ಸಂಪನ್ಮೂಲ ನಿಭಾಯಿಸಿ, ಹಳ್ಳಿಗಳನ್ನು ರಕ್ಷಿಸಿ.’ ಸುಳ್ಳಿಲ್ಲ, ಪ್ರಕಾರವೂ ಗೊತ್ತಾಯಿತು. ಆದರೆ ಇಕ್ಕಟ್ಟು ತಪ್ಪಿಹೋಯಿತು. ಹಳ್ಳಿಗಳನ್ನು ರಕ್ಷಿಸಿ ಎಂದರೆ ಎಲ್ಲವನ್ನೂ ರಕ್ಷಿಸಬಹುದು ಎಂಬ ಧ್ವನಿ ಬರುತ್ತದೆ. ನಿಮ್ಮ ಆಟದ ಜೀವವೇ ಎಲ್ಲವನ್ನೂ ರಕ್ಷಿಸಲಾಗದು ಎಂಬುದರಲ್ಲಿದೆ.

ನಿಮ್ಮ ಪತ್ರದಿಂದಲೇ ಪದ ಎತ್ತಿಕೊಂಡು ನಾನು ಬರೆದರೆ ಹೀಗಿರುತ್ತದೆ: ‘ಹನ್ನೆರಡು ಹಳ್ಳಿ, ಏಳು ಹಳ್ಳಿಗಾಗುವಷ್ಟು ಕಲ್ಲು. ಮಳೆ ಬರುವ ಮುನ್ನ ಎಲ್ಲಿ ಒಡ್ಡು ಕಟ್ಟಬೇಕು, ಯಾರನ್ನು ನೀರಿಗೆ ಬಿಡಬೇಕು ಎಂದು ನಿರ್ಧರಿಸಿ. ಮುಳುಗಿದ ಹೊಲ ಮರುವರ್ಷ ಹೆಚ್ಚು ಬೆಳೆಯುತ್ತದೆ; ಮುಳುಗಿದ ಮನೆಯವರು ತಿರುಗಿ ಬರುವುದಿಲ್ಲ. ಹೆಕ್ಸ್ ಮ್ಯಾಪಿನ ಟರ್ನ್-ಬೇಸ್ಡ್ ಸ್ಟ್ರಾಟಜಿ, ಒಂದು ಆಟಕ್ಕೆ ಸುಮಾರು ಒಂದು ಗಂಟೆ.’

ಏಳು ಎಂಬುದು, ಒಂದು ಗಂಟೆ ಎಂಬುದು ನನ್ನ ಊಹೆ, ನಿಜವಾದ ಲೆಕ್ಕ ನೀವು ಹಾಕಿ. ಮೊದಲ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಎರಡು ಸಂಖ್ಯೆಗಳ ನಡುವಿನ ಕೊರತೆ ಓದುವವನ ತಲೆಯಲ್ಲಿ ತಾನೇ ಕೆಲಸ ಶುರು ಮಾಡುತ್ತದೆ. ಸ್ಟ್ರಾಟಜಿ ಆಡುವವರಿಗೆ ಸಂಖ್ಯೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಎರಡನೆಯದರಲ್ಲಿ ಆಟಗಾರ ಮಾಡುವ ಕೆಲಸವಿದೆ. ಮೂರನೆಯದು ತಿರುವು, ಬೇರೆ ಒಡ್ಡು ಕಟ್ಟುವ ಆಟಗಳಲ್ಲಿ ಸಿಗದ ನಿಮ್ಮದೇ ಸಂಗತಿ. ಕೊನೆಯದು ಬರೀ ಮಾಹಿತಿ (ಹೆಕ್ಸ್ ಎಂದರೆ ಆರು ಮೂಲೆಯ ಮನೆಗಳು), ಆದರೆ ಅದಿಲ್ಲದೆ ಆಗದು: ಪ್ರಕಾರದ ಹೆಸರು ಕಾಣದಿದ್ದರೆ ಆ ಪ್ರಕಾರದವರು ನಿಲ್ಲುವುದಿಲ್ಲ. ಆಟದ ಅವಧಿಯನ್ನು ಹೇಳುವವರು ಕಡಿಮೆ. ನನಗೆ ಅದು ಬಹಳ ಮುಖ್ಯ ಅನ್ನಿಸುತ್ತದೆ. ಇಪ್ಪತ್ತು ನಿಮಿಷದ ಆಟ ಬೇಕಾದವನೂ ನಲವತ್ತು ಗಂಟೆಯ ಸಾಮ್ರಾಜ್ಯ ಬೇಕಾದವನೂ ಬೇರೆ ಬೇರೆ ಮನುಷ್ಯರು.

ಉದ್ದ ವಿವರಣೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅದರ ಆರಂಭ ಮಾತ್ರ ತೆರೆದಿರುತ್ತದೆ, ಉಳಿದದ್ದು ಮಡಚಿಕೊಂಡು ‘ಇನ್ನಷ್ಟು ಓದಿ’ ಎಂಬುದರ ಹಿಂದೆ ಹೋಗುತ್ತದೆ. ಆರಂಭದಲ್ಲಿ ಒಂದು ವರ್ಷದ ಆಟ ಹೇಗೆ ಸಾಗುತ್ತದೆ ಎಂದು ಹೇಳಿ: ಬೇಸಿಗೆಯಲ್ಲಿ ಕಲ್ಲು ಸೇರಿಸುವುದು, ಮುನ್ಸೂಚನೆ ಬಂದಾಗ ಒಡ್ಡಿನ ಜಾಗ ಆರಿಸುವುದು, ನೀರು ಬಂದಾಗ ಕೈಕಟ್ಟಿ ನೋಡುವುದು, ನೀರು ಇಳಿದಾಗ ಎಣಿಸುವುದು. ನಡುವೆ ಎರಡು ಮೂರು ಚಲಿಸುವ ಚಿತ್ರ ಇರಲಿ, ಒಂದೊಂದರಲ್ಲೂ ಒಂದೇ ಕಾರಣ, ಒಂದೇ ಪರಿಣಾಮ. ‘200ಕ್ಕೂ ಹೆಚ್ಚು ಅಪ್‌ಗ್ರೇಡ್’ ಎಂಬ ಪಟ್ಟಿ ನಿಮ್ಮದರಲ್ಲಿದೆ. ಅದರ ಬದಲು ಮೂರೇ ಅಪ್‌ಗ್ರೇಡ್ ಹೆಸರಿಸಿ, ಅವು ಆಟವನ್ನು ಹೇಗೆ ತಿರುಗಿಸುತ್ತವೆ ಎಂದು ಬರೆಯಿರಿ. ಶಾಪದ ಕಥೆಗೆ ಕೊನೆಯಲ್ಲಿ ಜಾಗ ಕೊಡಿ. ಅಲ್ಲಿಯವರೆಗೆ ಬಂದವರು ಓದುತ್ತಾರೆ.

ಸ್ಕ್ರೀನ್‌ಶಾಟ್ ವಿಷಯ ಬಂದಾಗ ನಾನು ಸ್ವಲ್ಪ ಮೊಂಡ. ಚೆಂದ ಕಾಣಲಿ ಎಂದು ನೀವು ಬಟನ್ನು, ಅಂಕಿ, ಪಟ್ಟಿ ಎಲ್ಲ ಮರೆಮಾಡಿ ಮ್ಯಾಪ್ ಒಂದನ್ನೇ ತೋರಿಸಿದ್ದೀರಿ. ಬೇರೆ ಪ್ರಕಾರದಲ್ಲಿ ಇದು ನಡೆದೀತು. ನಮ್ಮವರು ಸ್ಕ್ರೀನ್‌ಶಾಟನ್ನು ಚೆಸ್ ಪಟದಂತೆ ಓದುತ್ತಾರೆ: ಎಷ್ಟು ಕಲ್ಲಿದೆ, ಎಷ್ಟು ದಿನ ಉಳಿದಿದೆ, ಈ ಕೆಂಪು ಬಾಣ ಏನು ಹೇಳುತ್ತಿದೆ. ಇಂಟರ್‌ಫೇಸ್ ಕಾಣದಿದ್ದರೆ ಆಟ ಇನ್ನೂ ಆಗಿಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ. ‘ಇನ್‌ಟು ದ ಬ್ರೀಚ್’ ಇದಕ್ಕೆ ಒಳ್ಳೆಯ ಮಾದರಿ. 8×8 ಮನೆಗಳ ಪುಟ್ಟ ಪಟ. ಶತ್ರು ಮುಂದೆ ಎಲ್ಲಿ ಹೊಡೆಯುತ್ತಾನೆ ಎಂಬುದು ಪಟದ ಮೇಲೆಯೇ ಬರೆದಿರುತ್ತದೆ. ಒಂದೇ ಸ್ಥಿರ ಚಿತ್ರ ನೋಡಿ ‘ಇವನನ್ನು ಒಂದು ಮನೆ ತಳ್ಳಿದರೆ ಆ ಕಟ್ಟಡ ಉಳಿಯುತ್ತದಲ್ಲ’ ಎಂದು ಲೆಕ್ಕ ಹಾಕತೊಡಗುತ್ತೇವೆ. ಕೊಳ್ಳುವ ಮೊದಲೇ ಆಟ ಶುರುವಾಗಿಬಿಟ್ಟಿರುತ್ತದೆ.

ನಿಮ್ಮ ಸ್ಕ್ರೀನ್‌ಶಾಟ್ ಕೂಡ ಹಾಗೆ ಒಂದು ಒಗಟಾಗಬೇಕು. ಅದು ಆಡುತ್ತ ಆಡುತ್ತ ಆಕಸ್ಮಿಕವಾಗಿ ಸಿಗುವುದಿಲ್ಲ, ಕೂತು ಸಜ್ಜುಗೊಳಿಸಬೇಕು. ಇದಕ್ಕೆಂದೇ ಒಂದು ಸೇವ್ ಫೋಲ್ಡರ್ ಇಟ್ಟುಕೊಳ್ಳಿ. ಆಟದ ನಡುಘಟ್ಟ, ನೀರು ಬರಲು ಎರಡು ಸರದಿ ಬಾಕಿ, ಕೈಯಲ್ಲಿ ಒಂದೇ ಒಡ್ಡಿಗಾಗುವಷ್ಟು ಕಲ್ಲು, ಬೆದರಿಕೆಯಲ್ಲಿ ಎರಡು ಹಳ್ಳಿ, ಒಂದು ಹಳ್ಳಿಯ ಮೇಲೆ ಟೂಲ್‌ಟಿಪ್ (ವಿವರದ ಪುಟ್ಟ ಚೌಕ) ತೆರೆದಿದೆ: 140 ಜನ, ಹೊಲ ಬಡಕಲು. ಇದು ಮೊದಲನೆಯ ಚಿತ್ರ. ಎರಡನೆಯದು ಅದೇ ಜಾಗ, ನೀರು ನುಗ್ಗಿದ ಮೇಲೆ. ಮೂರನೆಯದು ಮರುವರ್ಷ, ಹೂಳಿನ ಮೇಲೆ ಹಸಿರು, ಖಾಲಿ ಮನೆಗಳು. ನಾಲ್ಕನೆಯದರಲ್ಲಿ ಆಟದ ಕೊನೆಯ ಘಟ್ಟದ ದೊಡ್ಡ ಮ್ಯಾಪ್ ಇರಲಿ, ಎಲ್ಲಿಯವರೆಗೆ ಬೆಳೆಯುತ್ತದೆ ಎಂಬ ಅಂದಾಜು ಸಿಗುತ್ತದೆ. ಸ್ಟೀಮ್ ಪಟ್ಟಿಯಲ್ಲಿ ಮೌಸ್ ಇಟ್ಟಾಗ ಒಂದಾದ ಮೇಲೊಂದು ಬಂದು ಹೋಗುವುದು ನಾಲ್ಕೇ ಚಿತ್ರ. ಈ ನಾಲ್ಕು ಸೇರಿ ಒಂದು ಸಣ್ಣ ಕಥೆಯಾದರೆ ಪೇಜ್ ತೆರೆಯುವ ಮುಂಚೆಯೇ ಅರ್ಧ ಕೆಲಸ ಮುಗಿದಿರುತ್ತದೆ. ಒಟ್ಟು ಕನಿಷ್ಠ 5 ಇರಬೇಕು, ಗಾತ್ರ 1920×1080 ಅಥವಾ ಅದಕ್ಕೂ ಹೆಚ್ಚು. ತೆಗೆಯುವಾಗ ಇಂಟರ್‌ಫೇಸ್ ಅಳತೆಯನ್ನು ಒಂದು ಹೆಜ್ಜೆ ಹೆಚ್ಚಿಸಿಕೊಳ್ಳಿ, ಸಣ್ಣದಾದಾಗಲೂ ಅಂಕಿ ಓದಲು ಬರಲಿ. ಮೂಲೆಯಲ್ಲಿ ಫ್ರೇಮ್ ರೇಟ್ ಅಂಕಿ ಉಳಿದಿದೆಯೇ ನೋಡಿಕೊಳ್ಳಿ, ನಿಮ್ಮ ಮೂರನೆಯ ಚಿತ್ರದಲ್ಲಿ ಈಗಲೂ ಇದೆ. ಮೇನ್ ಮೆನು, ರಾಣಿಯ ರೇಖಾಚಿತ್ರ ಎರಡನ್ನೂ ಇಂದೇ ತೆಗೆಯಿರಿ. ಸ್ಕ್ರೀನ್‌ಶಾಟ್ ಜಾಗದಲ್ಲಿ ಆಟದ ದೃಶ್ಯ ಮಾತ್ರ ಇರಬೇಕು ಎಂಬುದು ಸ್ಟೀಮಿನ ನಿಯಮವೂ ಹೌದು.

ಟ್ರೇಲರಿಗೂ ಇದೇ ಮಾತು. ಸ್ಟುಡಿಯೋ ಲೋಗೋ ಕೊನೆಗೆ ಹೋಗಲಿ. ಮೊದಲ ಐದು ಸೆಕೆಂಡಿನಲ್ಲಿ ಒಡ್ಡು ಇಟ್ಟದ್ದು, ನೀರು ತಿರುಗಿದ್ದು, ಪಕ್ಕದ ಹಳ್ಳಿ ಮುಳುಗಿದ್ದು ಕಾಣಲಿ. ಧ್ವನಿ ಆರಿಸಿ ನೋಡಿದಾಗಲೂ ಅರ್ಥವಾಗಬೇಕು. ನಿಜವಾದ ಆಟದ ವೇಗದಲ್ಲಿ ತೋರಿಸಿದರೆ ಯಾರಿಗೂ ತಾಳ್ಮೆ ಇರದು, ಸರದಿಗಳ ನಡುವಿನ ಕಾಯುವಿಕೆಯನ್ನು ಕತ್ತರಿಸಿ.

ಆಟದ ಬಗೆ ಹೇಳುವ ಟ್ಯಾಗ್ 20ರವರೆಗೆ ಹಾಕಬಹುದು, ಮೇಲಿನವುಗಳಿಗೆ ತೂಕ ಹೆಚ್ಚು. ನೀವು ಮೊದಲು ‘ಇಂಡಿ’, ಆಮೇಲೆ ‘ಆರ್‌ಪಿಜಿ’, ‘ಫ್ಯಾಂಟಸಿ’ ಹಾಕಿದ್ದೀರಿ. ನಿಮ್ಮ ಆಟವನ್ನು ಯಾವ ಆಟಗಳ ಪಕ್ಕ ಕೂರಿಸಬೇಕೆಂದು ಸ್ಟೀಮ್ ತಿಳಿಯುವುದು ಬಹುಮಟ್ಟಿಗೆ ಇದರಿಂದ. ಈಗಿನ ಲೆಕ್ಕದಲ್ಲಿ ಕತ್ತಿ ಹಿಡಿದವರ ಸಾಲಿನಲ್ಲಿ ಗುದ್ದಲಿ ಹಿಡಿದು ನಿಂತಿದ್ದೀರಿ. ಟರ್ನ್-ಬೇಸ್ಡ್ ಸ್ಟ್ರಾಟಜಿ, ಹೆಕ್ಸ್ ಗ್ರಿಡ್, ರಿಸೋರ್ಸ್ ಮ್ಯಾನೇಜ್‌ಮೆಂಟ್, ಸಿಟಿ ಬಿಲ್ಡರ್ ಮೇಲಕ್ಕೆ ಬರಲಿ. ‘ಇಂಡಿ’ ಯಾರನ್ನೂ ಯಾರಿಂದಲೂ ಬೇರೆ ಮಾಡುವುದಿಲ್ಲ, ಅದು ಕೊನೆಯಲ್ಲಿರಲಿ.

ಮುಂದೆ ಮೊಬೈಲಿಗೂ ತರುವುದಾದರೆ ಅಳತೆ ಬದಲಾಗುತ್ತದೆ. ಗೂಗಲ್ ಪ್ಲೇಯಲ್ಲಿ ಕಿರು ವಿವರಣೆಗೆ 80 ಅಕ್ಷರ ಮಾತ್ರ, ಐಕಾನ್ 512×512, ಮೇಲಿನ ಚಿತ್ರ 1024×500. ಅಲ್ಲಿ ‘ಹನ್ನೆರಡು ಹಳ್ಳಿ, ಏಳಕ್ಕಾಗುವಷ್ಟು ಕಲ್ಲು’ ಎಂಬುದೊಂದೇ ಉಳಿಯುತ್ತದೆ, ಅದು ಸಾಕಾಗುತ್ತದೆ. ಇಂಡಿ ಆಟಗಳ ತಾಣ ಇಚ್.ಐಒದಲ್ಲಿ ಮುಖಚಿತ್ರ 630×500. ಐಕಾನಿನಲ್ಲಿ ಹೆಸರು ಹಾಕಲು ಜಾಗವಿಲ್ಲ, ಓರೆಯಾದ ಒಡ್ಡು ಮತ್ತು ಎರಡು ಬಣ್ಣ ಅಲ್ಲಿ ನಿಮ್ಮ ಗುರುತಾಗುತ್ತವೆ. ಈ ಕಾರಣಕ್ಕೂ ಚಿತ್ರ ಸರಳವಾಗಿರಲಿ ಎಂದೆ.

ಬದಲಾವಣೆ ಫಲ ಕೊಟ್ಟಿತೋ ಇಲ್ಲವೋ ತಿಳಿಯಲು ನಿಮ್ಮಲ್ಲಿ ಎರಡು ಸೋರಿಕೆಗಳನ್ನು ಬೇರೆ ಮಾಡಿ ನೋಡಬೇಕು. ಚಿತ್ರ ಕಂಡವರು ಕ್ಲಿಕ್ ಮಾಡದಿದ್ದರೆ ದೋಷ ಕ್ಯಾಪ್ಸೂಲಿನಲ್ಲಿ, ಹೆಸರಿನಲ್ಲಿ ಅಥವಾ ಟ್ಯಾಗಿನಲ್ಲಿದೆ. ಬಂದವರು ವಿಶ್‌ಲಿಸ್ಟ್‌ಗೆ ಹಾಕದೆ ಹೋದರೆ ದೋಷ ಟ್ರೇಲರ್, ಸ್ಕ್ರೀನ್‌ಶಾಟ್, ಕಿರು ವಿವರಣೆಯಲ್ಲಿದೆ. ಸ್ಟೀಮಿನ ಡೆವಲಪರ್ ಪುಟದಲ್ಲಿ ಎರಡೂ ಅಂಕಿ ಸಿಗುತ್ತವೆ. ಗೂಗಲ್ ಪ್ಲೇಯಲ್ಲಿರುವಂತೆ ಎರಡು ಚಿತ್ರಗಳನ್ನು ಒಟ್ಟಿಗೆ ಹಾಕಿ ಹೋಲಿಸುವ ಸೌಲಭ್ಯ ಸ್ಟೀಮಿನಲ್ಲಿಲ್ಲ, ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ತಾರೀಕು ಬರೆದಿಟ್ಟುಕೊಳ್ಳಿ, ಎರಡು ಮೂರು ವಾರ ಬಿಡಿ. ದಿನಕ್ಕೆ ಹತ್ತಿಪ್ಪತ್ತು ಜನ ಬರುವ ಪೇಜಿನಲ್ಲಿ ಒಂದು ದಿನದ ಏರಿಳಿತಕ್ಕೆ ಅರ್ಥ ಹುಡುಕಬೇಡಿ. ಅಂಕಿಗಿಂತ ಬೇಗ ಉತ್ತರ ಕೊಡುವ ಉಪಾಯವೂ ಇದೆ. ಸ್ಟ್ರಾಟಜಿ ಆಡುವ, ಆದರೆ ನಿಮ್ಮ ಆಟ ನೋಡದ ಐದು ಜನರಿಗೆ ಪೇಜನ್ನು ಹತ್ತು ಸೆಕೆಂಡ್ ತೋರಿಸಿ ಮುಚ್ಚಿ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ಗೆಳೆಯರು ಹೌದು ಎಂದೇ ಹೇಳುತ್ತಾರೆ. ‘ಈ ಆಟದಲ್ಲಿ ನೀವು ಏನು ಮಾಡುತ್ತೀರಿ’ ಎಂದು ಕೇಳಿ. ‘ಯಾವ ಊರು ಮುಳುಗಬೇಕು ಅಂತ ಆರಿಸೋದು’ ಎಂದು ಇಬ್ಬರಾದರೂ ಹೇಳುವವರೆಗೆ ತಿದ್ದುತ್ತಿರಿ.

ಕೊನೆಗೆ ನೆಕ್ಸ್ಟ್ ಫೆಸ್ಟ್. ಅದು ವರ್ಷಕ್ಕೆ ಮೂರು ಸಲ, ಫೆಬ್ರವರಿ, ಜೂನ್, ಅಕ್ಟೋಬರಿನಲ್ಲಿ ನಡೆಯುತ್ತದೆ. ಆದರೆ ಒಂದು ಆಟಕ್ಕೆ ಒಂದೇ ಸಲ ಅವಕಾಶ, ಅದೂ ಬಿಡುಗಡೆಗೆ ಮೊದಲು. ಆ ವಾರ ನಿಮ್ಮ ಕ್ಯಾಪ್ಸೂಲ್ ಸಾವಿರಾರು ಡೆಮೊಗಳ ಸಾಲಿನಲ್ಲಿ ನಿಲ್ಲುತ್ತದೆ. ಈಗಿನ ಪೇಜ್ ಹಿಡಿದುಕೊಂಡು ಅಲ್ಲಿಗೆ ಹೋಗಬೇಡಿ, ಒಂದು ಫೆಸ್ಟ್ ಬಿಟ್ಟರೂ ಪರವಾಗಿಲ್ಲ. ಈ ವಾರ ಕಿರು ವಿವರಣೆ, ಟ್ಯಾಗ್, ಮೊದಲ ನಾಲ್ಕು ಸ್ಕ್ರೀನ್‌ಶಾಟ್ ಬದಲಿಸಿ, ಇವಕ್ಕೆ ಖರ್ಚಿಲ್ಲ. ಒಂದರ ನಂತರ ಒಂದು ಎಂದೆನಲ್ಲ, ಆ ನಿಯಮ ಇಲ್ಲಿ ಬೇಡ, ಇವು ಸರಿಯಿಲ್ಲವೆಂದು ಅಳತೆಯಿಲ್ಲದೆಯೂ ಗೊತ್ತಿದೆ. ಕಲಾವಿದರ ಜೊತೆ ಮಾತು ಶುರು ಮಾಡಿ. ಡೆಮೊವನ್ನು ಫೆಸ್ಟ್‌ಗೆ ಕಾಯದೆ ಮೊದಲೇ ಬಿಡಬಹುದು, ಆಗ ಆಡಿದವರು ಆಟವನ್ನು ಯಾವ ಪದದಲ್ಲಿ ವರ್ಣಿಸುತ್ತಾರೆ ಎಂದು ಕಿವಿಗೊಡಿ. ಅವರ ಬಾಯಲ್ಲಿ ನನ್ನ ಕಿರು ವಿವರಣೆಗಿಂತ ಒಳ್ಳೆಯ ವಾಕ್ಯ ಬಂದರೆ ಅದನ್ನೇ ಹಾಕಿ, ನನ್ನದನ್ನು ತೆಗೆದುಬಿಡಿ.